ದೂರದಿಂದ ತೆಗೆದ ಪಟ

ಪೆನ್ನಾಗರದ ನಮ್ಮ ಫೋಟೋದವನ ಹತ್ರ ಒಂದೇ ಗಿಡ್ಡ ಲೆನ್ಸಿತ್ತು. ಅದ್ರಲ್ಲಿ ತೆಗೀಬೇಕಂದ್ರೆ ಹತ್ರಕ್ಕೇ ಬರ್ಬೇಕು. ಬಂದು, ತಲೆ ವಾಲಿಸಿ, "ಅವ್ವಾ, ತೆಗೀಲಾ?" ಅಂತ ಕೇಳೋನು. ಅವನ ಪಟದಲ್ಲಿ ನಾವು ನಮ್ಮಂಗೇ ಇರ್ತಿದ್ವಿ. ಗಿಡ್ಡ ಲೆನ್ಸಿನೋನು ಅಂತ ಊರೋರು ಕಿಚಾಯಿಸಿ ಕಿಚಾಯಿಸಿ, ಕೊನೆಗೆ ದೂರದ್ದನ್ನ ಹತ್ರ ಎಳೆಯೋ ಮೊಳದುದ್ದದ ಲೆನ್ಸು ತಂದ.

ನನ್ನ ಮೊಮ್ಮಗಳ ಮದುವೆ ಊಟದಲ್ಲಿ ಅದನ್ನಿಟ್ಕೊಂಡು ದೂರದ ಮೂಲೇಲಿ ನಿಂತಿದ್ದ. ಅದು ಕಂಡಿದ್ದೆಲ್ಲ ಗೋಡೆ ಟೀವೀಲಿ ಬರ್ತಿತ್ತು. ನಾನು ಎಲೆ ಮೇಲಿನ ಲಡ್ಡು ಸೆರಗಿಗೆ ಕಟ್ಕೊಳ್ಳೋದೂ ಬಂತು.

"ಅಜ್ಜಿಗೆ ಪಾರ್ಸಲ್ ಕೊಡ್ರಪ್ಪೋ!" ಅಂದ ಗಂಡಿನ ಸೋದರಮಾವ. ಬೀಗರೆಲ್ಲ ನಕ್ಕರು. ಮೊಮ್ಮಗಳು ತಲೆ ತಗ್ಗಿಸಿದಳು.

ಫೋಟೋದವನು ಓಡಿ ಬಂದ. "ತಪ್ಪಾಯ್ತವ್ವಾ, ಅಷ್ಟು ದೂರದಿಂದ ತೆಗೀಲಾ ಅಂತ ಕೇಳೋಕಾಗ್ಲಿಲ್ಲ."

"ಓಗ್ಲಾ ಅತ್ಲಾಗೆ" ಅಂದೆ.

ಎಲ್ಲರೂ ನೋಡ್ತಿದ್ದಂಗೇ ಸೆರಗು ಬಿಚ್ಚಿ ಲಡ್ಡು ಎಲೆಗೆ ವಾಪಸ್ಸಿಟ್ಟೆ. ಅವನು ಲೆನ್ಸಿನ ಬಾಯಿಗೆ ಅಂಗೈ ಮುಚ್ಕೊಂಡು, ನೆಲ ನೋಡ್ತಾ ನಿಂತಿದ್ದ.