ಹೊಸ ವಾಚಿಗೆ ಮುಪ್ಪು ಬರಿಸಿದ್ದು

ಇಂದು ಮಾಘ ಬಹುಳ ತದಿಗೆ. ಆಧಾರ: ಅರಸೀಕೆರೆಯಿಂದ ತರಿಸಿದ ಪಂಚಾಂಗ. ಅದರ ಪಕ್ಕದ ಮೊಳೆಗೆ ತೂಗಿರುವ ಕಾಶಿಯ ಪಂಚಾಂಗದಲ್ಲಿ ಇದೇ ದಿನ ಫಾಲ್ಗುನ ಕೃಷ್ಣ ತೃತೀಯಾ. ಎರಡೂ ಸರಿಯೇ. ಇಲ್ಲಿಯವರು ತಿಂಗಳನ್ನು ಹುಣ್ಣಿಮೆಗೆ ಮುಗಿಸುತ್ತಾರೆ. ನಾವು ಅಮಾವಾಸ್ಯೆಯವರೆಗೆ ಎಳೆದುಕೊಂಡು ಹೋಗುತ್ತೇವೆ. ಹೀಗಾಗಿ ಪ್ರತಿ ತಿಂಗಳ ಅರ್ಧ ಭಾಗ ಈ ಮನೆಯಲ್ಲಿ ಎರಡು ಹೆಸರಿನಿಂದ ನಡೆಯುತ್ತದೆ. ದಿನಾಂಕಗಳನ್ನು ತಾಳೆ ನೋಡುವುದೇ ಕಸುಬಾಗಿದ್ದ ನನಗೆ ಮೊದಮೊದಲು ಇದು ಸೊಗಸೆನಿಸುತ್ತಿತ್ತು. ಈಗ ಎರಡು ಮೊಳೆಗಳ ನಡುವೆ ಕತ್ತು ತಿರುಗಿಸುವುದರಲ್ಲೇ ದಣಿವಾಗುತ್ತದೆ.

ಬೆಳಿಗ್ಗೆ ಗೌರಮ್ಮ ಮಹಡಿ ಹತ್ತಿ ಬಂದು ಬಣ್ಣ ಮಾಸಿದ ಛಾಯಾಚಿತ್ರವೊಂದನ್ನು ನನ್ನ ಮೇಜಿನ ಮೇಲಿಟ್ಟರು. ಕಾಶಿಯ ಬಂಗಾಲಿ ಟೋಲಾ ಬೀದಿಯ ಈ ಮನೆ ಅವರದು. ಹಸ್ತಪ್ರತಿಗಳ ಕೆಲಸಕ್ಕೆಂದು ಬಂದು, ನಿವೃತ್ತನಾದ ಮೇಲೂ ಮೇಲಿನ ಕೋಣೆ ಬಿಡದೆ ಉಳಿದ ಬಾಡಿಗೆದಾರ ನಾನು. ಅವರ ಪತಿ ವಿಶ್ವನಾಥ ಭಟ್ಟರು ಕೇದಾರ ಘಾಟಿನಲ್ಲಿ ಕರ್ನಾಟಕದ ಯಾತ್ರಿಕರಿಗೆ ಪಿಂಡ, ತರ್ಪಣಗಳನ್ನು ಮಾಡಿಸುತ್ತಾರೆ.

“ಇದರ ಹಿಂದೆ ನಮ್ಮ ಮದುವೆ ತಾರೀಖು ಬರೆದುಕೊಡಿ ರಾಯರೇ. ಇವತ್ತೇ ಆ ತಿಥಿ. ಅಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ಫೋನ್ ಬಂದಿರೋದು.”

ಅಪ್ಪ ತೀರಿಕೊಂಡು ಇನ್ನೂ ಒಂದು ತಿಂಗಳು ತುಂಬಿಲ್ಲ. ಕರ್ಮಾಂತರಕ್ಕೆ ಅರಸೀಕೆರೆಗೆ ಹೋದ ಗೌರಮ್ಮ ತವರಿನಿಂದ ತಂದದ್ದು ಈ ಚಿತ್ರವೊಂದನ್ನೇ.

ಆ ಅಪ್ಪನ ಫೋನಿನ ಸಂಗತಿಯನ್ನು ನಿಮಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವರು ರೈಲ್ವೆಯ ಸ್ಟೇಷನ್ ಮಾಸ್ತರರಾಗಿದ್ದವರು. ಒಬ್ಬಳೇ ಮಗಳನ್ನು ಇಷ್ಟು ದೂರದ ಪುರೋಹಿತರ ಮನೆಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲವಂತೆ. ವರಪೂಜೆಯಲ್ಲಿ ಅಳಿಯನ ಕೈಗೆ ವಾಚು ಕಟ್ಟುತ್ತ, “ದಿನಾ ಕೀ ಕೊಡಪ್ಪ. ಇದು ಓಡ್ತಾ ಇದ್ರೆ ನನ್ನ ಮಗಳೂ ಚೆನ್ನಾಗಿದಾಳೆ ಅಂದ್ಕೋತೀನಿ” ಎಂದಿದ್ದರಂತೆ. ಮದುವೆಯಾದ ಎರಡನೆಯ ಮಳೆಗಾಲದಲ್ಲಿ ಆ ವಾಚು ಭಟ್ಟರ ಕೈಯಿಂದ ಜಾರಿ ಗಂಗೆಯ ಪಾಲಾಯಿತು. ಮೊದಲು ಭಯದಿಂದ ಹೇಳಲಿಲ್ಲ. ಆಮೇಲೆ ಹೇಳುವ ಕಾಲ ಮೀರಿತ್ತು. ಹಾಗಾಗಿ ಮೂವತ್ತು ವರ್ಷ ಫೋನಿನಲ್ಲಿ ಒಂದೇ ಸಂಭಾಷಣೆ.

“ವಾಚು ಓಡ್ತಾ ಇದೆಯೇನಪ್ಪಾ?”

“ಓಡ್ತಾ ಇದೆ ಮಾವ.”

ಕೆಲವು ವರ್ಷಗಳ ಕೆಳಗೆ, ಎಂಬತ್ತು ದಾಟಿದ ಮಾವನವರು ಕಾಶಿಗೆ ಹೊರಟೆನೆಂದು ತಿಳಿಸಿದರು. ಭಟ್ಟರು ಸೋನಾರ್‌ಪುರದ ಅಂಗಡಿಗಳನ್ನೆಲ್ಲ ಸುತ್ತಿ, ಮಾರಾಟವಾಗದೆ ಉಳಿದಿದ್ದ ಕೀ ಕೊಡುವ ವಾಚೊಂದನ್ನು ಹುಡುಕಿ ತಂದರು. ಅದು ಹೊಸ ಸ್ಟೀಲಿನ ಲೋಟದಂತೆ ಥಳಥಳಿಸುತ್ತಿತ್ತು.

“ರಾಯರೇ, ಜನ್ಮವಿಡೀ ನಕಲಿ ಹಿಡಿದಿದ್ದೀರಿ. ಈಗ ಒಂದು ನಕಲಿ ಮಾಡಿಕೊಡಿ” ಎಂದರು ಭಟ್ಟರು.

ಮಾತು ಸುಳ್ಳಲ್ಲ. ಚಹಾ ನೀರಿನಲ್ಲಿ ಅದ್ದಿದ ಕಾಗದ, ಒಲೆಯ ಮೇಲೆ ಹೊಗೆ ಕುಡಿಸಿದ ತಾಳೆಗರಿ, ಇವನ್ನು ಪ್ರಾಚೀನವೆಂದು ತಂದವರನ್ನು ಬರಿಗೈಯಲ್ಲಿ ಕಳುಹಿಸುವುದೇ ನನ್ನ ವೃತ್ತಿಜೀವನದ ದೊಡ್ಡ ಭಾಗವಾಗಿತ್ತು. ಇಳಿವಯಸ್ಸಿನಲ್ಲಿ ಅದೇ ವಿದ್ಯೆಯನ್ನು ತಿರುಗುಮುರುಗಾಗಿ ಪ್ರಯೋಗಿಸುವ ಪ್ರಸಂಗ ಬಂತು. ಒಲ್ಲೆನೆನ್ನಲು ಬಾಯಿ ತೆರೆದೆ. ಗೌರಮ್ಮ ಬಾಗಿಲ ಬಳಿ ನಿಂತಿದ್ದರು. “ಈ ಮನುಷ್ಯನ ಮೇಲೆ ಬೇಜಾರಿಟ್ಟುಕೊಂಡು ಅಪ್ಪ ವಾಪಸ್ ಹೋಗಬಾರದು ರಾಯರೇ. ಇನ್ನೊಂದು ಸಲ ಬರೋ ವಯಸ್ಸಲ್ಲ ಅವರದು” ಎಂದರು. ಬಾಯಿ ಮುಚ್ಚಿದೆ.

ಮೊದಲ ತೊಡಕು ಮೂಲದ ಸ್ವರೂಪದ್ದೇ ಆಗಿತ್ತು.

“ಚೌಕವಾಗಿತ್ತು ಅದು. ಕಪ್ಪು ಡಯಲ್” ಎಂದರು ಗೌರಮ್ಮ.

“ಅರೇ, ಕಟ್ಟಿಕೊಂಡವನು ನಾನು. ಬಿಲ್ಕುಲ್ ಗುಂಡಗಿತ್ತು, ಬಿಳೀದು.”

“ನೀವು ಕಟ್ಟಿಕೊಂಡಿರಿ. ನೋಡ್ತಾ ಕೂತಿದ್ದವಳು ನಾನು.”

ಧರಿಸಿದವನೇ ಪ್ರಧಾನ ಸಾಕ್ಷಿಯೆಂದು ನಾನು ಗಂಭೀರವಾಗಿ ತೀರ್ಪಿತ್ತೆ. ಕೊಂಡು ತಂದ ವಾಚು ಗುಂಡಗೆ, ಬಿಳಿಯ ಮುಖದ್ದೇ ಆಗಿದ್ದುದೂ ನನ್ನ ತೀರ್ಪಿಗೆ ನೆರವಾಯಿತೆಂಬುದನ್ನು ಓದುಗರಿಂದ ಮರೆಮಾಚುವುದಿಲ್ಲ.

ನಕಲಿ ಮಾಡುವವರು ಸೋಲುವುದು ಒಂದೇ ಕಡೆ: ವಸ್ತುವನ್ನು ಎಲ್ಲೆಡೆ ಸಮವಾಗಿ ಹಳೆಯದಾಗಿಸುತ್ತಾರೆ. ನಿಜವಾದ ಸವೆತಕ್ಕೆ ಪಕ್ಷಪಾತವಿದೆ. ಕೈ ಮುಟ್ಟಿದಲ್ಲಿ ನುಣುಪು, ಮುಟ್ಟದಲ್ಲಿ ಕೊಳೆ. ಭಟ್ಟರು ಅಂಗಿ ತೊಡುವವರಲ್ಲ; ತೋಳಿನ ಬಟ್ಟೆ ಉಜ್ಜಿ ಸವೆಯುವ ಮಾತೇ ಇಲ್ಲ. ಎಡಗೈಯನ್ನು ಘಾಟಿನ ಮೆಟ್ಟಿಲಿಗೆ ಊರಿ ಏಳುವುದು ಅವರ ರೂಢಿ. ಆದ್ದರಿಂದ ಕೆಳಗಿನ ಅಂಚನ್ನು ಮಾತ್ರ ಕಲ್ಲಿಗೆ ತಿಕ್ಕಿ ಮೇಲಿನ ಹೊಳಪು ಲೇಪ ಹಾರಿಸಿದೆ. ಗಾಜಿಗೆ ಗಂಗೆಯ ನಯವಾದ ಮರಳು. ಬಕಲಿನ ಸಂದಿಗೆ ಪಿಂಡದ ಹಿಟ್ಟು, ಎಳ್ಳಿನ ಪುಡಿ. ಬೆಲ್ಟಿಗೆ ಸಾಸಿವೆ ಎಣ್ಣೆ ಬಳಿದು ಛಾವಣಿಯಲ್ಲಿ ಒಣಹಾಕಿದೆವು.

“ಹರಿಶ್ಚಂದ್ರ ಘಾಟಿನ ಚಿತೆ ಹೊಗೆ ಬರೋ ಕಡೆ ಹಾಕಿ. ಬೇಗ ಮುದಿಯಾಗುತ್ತೆ. ನಾವೆಲ್ಲ ಹಾಗೇ ತಾನೇ ಆಗಿದ್ದು?” ಎಂದರು ಗೌರಮ್ಮ.

ಕೊನೆಯದಾಗಿ, ಮಾವನವರು ಬರುವ ಹಿಂದಿನ ದಿನ, ಗಾಜಿನ ಮೇಲೆ ಕೈವಾರದ ಮೊನೆಯಿಂದ ಒಂದು ಓರೆ ಗೀರು ಎಳೆದೆ. ಅದು ಅಗತ್ಯವಿರಲಿಲ್ಲ. ಕೆಲಸದಲ್ಲಿ ಅಷ್ಟರಮಟ್ಟಿಗೆ ಮೈಮರೆತಿದ್ದೆ.

ಮಾವನವರು ಬಂದರು. ಸ್ನಾನ, ಊಟ ಮುಗಿದ ಮೇಲೆ ಅಳಿಯನ ಮಣಿಕಟ್ಟನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಕಿವಿಗಿಟ್ಟು ಆಲಿಸಿದರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆ ಗೀರಿನ ಮೇಲೆ ಉಗುರಾಡಿಸಿದರು.

“ಇದು ಧಾರೆ ಎರೆಯೋವಾಗ ನನ್ನ ಕೈಯಲ್ಲಿದ್ದ ಗಿಂಡಿ ತಗುಲಿ ಆದದ್ದು. ಇನ್ನೂ ಹಾಗೇ ಇದೆ ನೋಡು.”

ಭಟ್ಟರು ತಲೆಯೆತ್ತಲಿಲ್ಲ. ನಾನಂತೂ ಮಹಡಿಗೆ ಬಂದು ಕುಳಿತು, ಪಳಗಿದ ಕೈ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಈಗ ನೆನೆದರೆ ನಾಚಿಕೆ ಬರುವಷ್ಟೂ ತ್ರಾಣ ಉಳಿದಿಲ್ಲ.

ಅವರು ಕೆಲವು ದಿನ ಇದ್ದರು. ಕಿಟಕಿಯ ಬಳಿ ಕುಳಿತು ಗಲ್ಲಿಯನ್ನು ನೋಡುವುದೇ ಅವರ ಕಾಲಕ್ಷೇಪ. ಒಂದು ಬೆಳಿಗ್ಗೆ ಗೌರಮ್ಮ ತರಕಾರಿಯವನೊಡನೆ, “ಏ ಭೈಯಾ, ಈ ಬದನೆಕಾಯಿ ನಮಗಿಂತ ಮೊದಲೇ ಕಾಶಿಗೆ ಬಂದದ್ದೋ?” ಎಂಬರ್ಥದಲ್ಲಿ ಭೋಜ್‌ಪುರಿಯಲ್ಲಿ ಜಗಳಕ್ಕೆ ನಿಂತರು. ಒಳಗಿನಿಂದ ಭಟ್ಟರು ನಗುತ್ತ, “ತಗೋ, ತಗೋ, ಅವನೂ ಬದುಕಬೇಕು” ಎಂದರು. “ನೀವು ಸುಮ್ನಿರಿ” ಎಂದರು ಆಕೆ. ಮುದುಕರು ನನ್ನತ್ತ ವಾಲಿ ಮೆಲ್ಲನೆ, “ಇಲ್ಲಿ ಸ್ಟೇಷನ್ ಮಾಸ್ತರು ನಮ್ಮ ಗೌರೀನೇ” ಎಂದರು.

ಊರಿಗೆ ಮರಳಿದ ಮೇಲೂ ಅವರ ಫೋನು ತಪ್ಪಲಿಲ್ಲ. ಆದರೆ ವಾಚಿನ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ವಯಸ್ಸಿನ ಮರೆವೆಂದು ನಾವು ನಿರ್ಧರಿಸಿದೆವು. ಆ ನಿರ್ಧಾರಕ್ಕೆ ಬೇರೆ ಆಧಾರವನ್ನು ಯಾರೂ ಹುಡುಕಲಿಲ್ಲ, ನಾನೂ ಹುಡುಕಲಿಲ್ಲ.

ಈಗ ಛಾಯಾಚಿತ್ರ ಮೇಜಿನ ಮೇಲಿದೆ. ಮದುವೆಯ ವರ್ಷದ ಎರಡು ಹಳೆಯ ಪಂಚಾಂಗಗಳಲ್ಲಿ ತಿಥಿಯನ್ನು ತಾಳೆ ನೋಡಿ ದಿನಾಂಕ ಗೊತ್ತುಮಾಡಿಕೊಂಡೆ. ಧಾರೆ ಮುಗಿದ ಮೇಲೆ ತೆಗೆದ ಚಿತ್ರ; ಮಾಂಗಲ್ಯ ಕಟ್ಟಿಯಾಗಿದೆ. ಮಾವನವರು ಪಕ್ಕದಲ್ಲೇ ನಿಂತು ಮಗಳನ್ನಾಗಲಿ ಅಳಿಯನನ್ನಾಗಲಿ ನೋಡದೆ, ತಾವು ಕಟ್ಟಿದ ವಾಚನ್ನೇ ನೋಡುತ್ತಿದ್ದಾರೆ. ಹಳೆಯ ಚಟ, ಭೂತಗನ್ನಡಿಯನ್ನು ಅವರ ನೋಟದ ಹಾದಿಯಲ್ಲೇ ಸರಿಸಿದೆ.

ಗೌರಮ್ಮ ಅರಸೀಕೆರೆಯಿಂದ ಇಲ್ಲಿಯವರೆಗೆ ಈ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಬಂದವರು. ನನ್ನಿಂದ ಕೇಳಿದ್ದು ಮಾತ್ರ ದಿನಾಂಕವೊಂದನ್ನೇ. ಅದನ್ನಷ್ಟೇ ಬರೆದೆ. ಕೆಳಗೆ ಭಟ್ಟರು ಘಾಟಿಗೆ ಹೊರಡುವ ಮುನ್ನ, ಕೇಳುವವರಿಲ್ಲದಿದ್ದರೂ, ವಾಚಿಗೆ ಕೀ ಕೊಡುತ್ತಿರಬೇಕು.

ಉಳಿದದ್ದನ್ನು ಇಲ್ಲಿ ದಾಖಲಿಸುತ್ತೇನೆ. ಚಿತ್ರದಲ್ಲಿರುವ ವಾಚು ಚೌಕ, ಮುಖ ಕಪ್ಪು, ಗಾಜಿನ ಮೇಲೆ ಯಾವ ಗೀರೂ ಇಲ್ಲ.