ಚೀಲ ಎತ್ತಿ ನೋಡುವ ಸಿಸ್ಟರ್

ಬೆಳಗಿನ ಆರೂಕಾಲು. ಟೈಲರ್ ಮನೆಯ ಹಿಂದಿನ ಕೋಣೆಯಲ್ಲಿ ಸಿಸ್ಟರ್ ಮಂಡಿಯೂರಿ ಕೂತಿದ್ದಾರೆ. ಮಂಚದ ಮೇಲೆ ಟೈಲರ್. ಅವರ ಹೊಟ್ಟೆಯಿಂದ ಹೊರಟ ಸಣ್ಣ ಕೊಳವೆಯಲ್ಲಿ ನೀರು ಇಳಿದು ನೆಲದ ಮೇಲಿನ ಪ್ಲಾಸ್ಟಿಕ್ ಚೀಲ ತುಂಬುತ್ತಿದೆ. ತುಂಬಿದ ಚೀಲವನ್ನು ಸಿಸ್ಟರ್ ಕಿಟಕಿಯ ಬೆಳಕಿಗೆ ಹಿಡಿದು, ಅದರ ಹಿಂದೆ ದಿನಪತ್ರಿಕೆ ಇಟ್ಟು ಓದಲು ನೋಡುತ್ತಾರೆ. ನೀರು ತಿಳಿಯಾಗಿದ್ದರೆ ಸಣ್ಣ ಅಕ್ಷರವೂ ಕಾಣಬೇಕು. ಇವತ್ತು ದಪ್ಪ ತಲೆಬರಹವೇ ಕಾಣುತ್ತಿಲ್ಲ. ಅಕ್ಕಿ ತೊಳೆದ ನೀರಿನ ಬಣ್ಣ.

"ಅಣ್ಣಾ, ಹೊಟ್ಟೆನೋವು ಯಾವಾಗಿಂದ?"

"ನೋವೆಲ್ಲಿ ಬಂತಮ್ಮ? ಗ್ಯಾಸು ಅಷ್ಟೇ."

"ನಿನ್ನೆ ಮಧ್ಯಾಹ್ನದಿಂದ," ಬಾಗಿಲ ಬಳಿ ನಿಂತ ಹೆಂಡತಿ ಹೇಳುತ್ತಾರೆ. "ನಿಮಗೆ ಹೇಳಬೇಡ ಅಂದಿದ್ರು."

ಟೈಲರ್‌ಗೆ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷ. ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರ್ ಔಷಧದ ನೀರನ್ನು ಹೊಟ್ಟೆಗೆ ತುಂಬಬೇಕು. ಅದು ರಕ್ತದ ಕಲ್ಮಶ ಎಳೆದುಕೊಂಡ ಮೇಲೆ ಹೊರಗೆ ಬಿಡಬೇಕು. ಮನೆಯವರಿಗೆ ಇದನ್ನು ಕಲಿಸುವುದು, ಮನೆಮನೆಗೆ ಹೋಗಿ ನೋಡುವುದು ಸಿಸ್ಟರ್ ಕೆಲಸ. ಹದಿಮೂರು ವರ್ಷ ಹೊಟ್ಟೆ ಮತ್ತು ಕಿಡ್ನಿ ರೋಗಿಗಳ ವಾರ್ಡಿನಲ್ಲಿ ದುಡಿದವರು, ಏಳು ವರ್ಷದಿಂದ ಸ್ಕೂಟರ್ ಮೇಲಿದ್ದಾರೆ. ಹನ್ನೊಂದು ರೋಗಿಗಳು, ದಿನಕ್ಕೆ ನಾಲ್ಕು ಮನೆ. ಬೀದಿಯವರ ಬಾಯಲ್ಲಿ ಅವರು 'ಚೀಲದ ಸಿಸ್ಟರ್'. "ನಮ್ಮ ಸೊಸೆ ಕುಡಿಯೋ ನೀರಿನ ಲೋಟಾನೂ ಬೆಳಕಿಗೆ ಹಿಡಿದೇ ಕುಡಿಯೋದು," ಎಂದು ಅವರ ಅತ್ತೆ ನಗುತ್ತಾರೆ.

ಈಗ ಆ ಸೊಸೆಯ ಮುಖದಲ್ಲಿ ನಗುವಿಲ್ಲ. ಟೈಲರ್ ಹೊಟ್ಟೆಯ ಮೇಲೆ ಮೆಲ್ಲಗೆ ಬೆರಳೂರುತ್ತಾರೆ. ಹಲಗೆಯ ಹಾಗೆ ಬಿಗಿದಿದೆ. ಟೈಲರ್ ಹಲ್ಲು ಕಚ್ಚುತ್ತಾರೆ.

"ಸೋಂಕು ಒಳಗೆ ಹೋಗಿದೆ. ಈಗಲೇ ಆಸ್ಪತ್ರೆಗೆ ಹೊರಡಬೇಕು."

"ನಾಡಿದ್ದು ಶಾಲೆ ಶುರು. ನಲವತ್ತು ಅಂಗಿಗೆ ಗುಂಡಿ ಬಾಕಿ. ಸಂಜೆವರೆಗೆ ನೋಡೋಣಮ್ಮ."

'ಸಂಜೆವರೆಗೆ ನೋಡೋಣ' ಎಂಬ ಮಾತನ್ನು ಸಿಸ್ಟರ್ ಮರೆತಿಲ್ಲ. ಐದು ವರ್ಷದ ಹಿಂದೆ ಒಬ್ಬ ಮೇಷ್ಟ್ರ ಮನೆಯಲ್ಲಿ, ನೀರು ತುಸುವೇ ಮಬ್ಬಾಗಿದ್ದ ದಿನ, ಇದೇ ಮಾತನ್ನು ಸಿಸ್ಟರ್ ತಾವೇ ಆಡಿದ್ದರು. ಸಂಜೆಗೆ ಮೇಷ್ಟ್ರು ಪ್ರಜ್ಞೆ ತಪ್ಪಿದರು. ಆಮೇಲೆ ಹನ್ನೆರಡು ದಿನವಷ್ಟೇ ಬದುಕಿದ್ದರು. "ಅವರ ಮನೆಯವರು ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತೇನೋ," ಎನ್ನುತ್ತಾರೆ ಸಿಸ್ಟರ್.

"ಅಣ್ಣಾ, ಗುಂಡಿ ಅಕ್ಕ ಹಾಕ್ತಾರೆ," ಸಿಸ್ಟರ್ ಹೆಂಡತಿಯ ಕಡೆ ಕೈ ತೋರಿಸುತ್ತಾರೆ. " ಆದರೆ ನಿಮ್ಮ ಬದಲು ಅಕ್ಕ ಆಸ್ಪತ್ರೇಲಿ ಮಲಗೋಕಾಗಲ್ಲ."

ಟೈಲರ್ ಗೋಡೆಯ ಕಡೆ ತಿರುಗುತ್ತಾರೆ. ಗಡಿಯಾರ ಆರೂಮುಕ್ಕಾಲು ತೋರಿಸುತ್ತಿದೆ. ಹೆಂಡತಿ ಒಳಗೆ ಹೋಗಿ ಹೊಲಿಗೆ ಯಂತ್ರದ ಬೆಲ್ಟ್ ಕಳಚಿ ಕೈಯಲ್ಲಿ ಹಿಡಿದು ಬರುತ್ತಾರೆ. "ಈಗ ಹೊಲೀರಿ, ನೋಡ್ತೀನಿ."

ಪಕ್ಕದ ಮನೆಯವರ ಕಾರು ಬರುತ್ತದೆ. ಪರೀಕ್ಷೆಗೆ ಕೊಡಬೇಕಾದ ಮಬ್ಬು ಚೀಲ ಸಿಸ್ಟರ್ ತೊಡೆಯ ಮೇಲೆ. ದಾರಿಯಲ್ಲೇ ಟೈಲರ್‌ಗೆ ಜ್ವರದ ನಡುಕ ಹತ್ತುತ್ತದೆ.

ಆಸ್ಪತ್ರೆಯಲ್ಲಿ ಅದೇ ಕೊಳವೆಯಿಂದ ಹೊಟ್ಟೆಗೆ ಔಷಧ ಬಿಡುತ್ತಾರೆ. ಮರುದಿನವೂ ನೀರು ಮಬ್ಬು. ತಿಳಿಯಾಗದಿದ್ದರೆ ಕೊಳವೆಯನ್ನೇ ತೆಗೆದು ಈ ಚಿಕಿತ್ಸೆ ನಿಲ್ಲಿಸಬೇಕು ಎಂದು ವೈದ್ಯರು ಎಚ್ಚರಿಸುತ್ತಾರೆ. ಮೂರನೇ ದಿನ ತಲೆಬರಹ ಕಾಣುತ್ತದೆ. ಐದನೇ ದಿನ ಟೈಲರ್ ತಾವೇ ಚೀಲದ ಹಿಂದೆ ಪತ್ರಿಕೆ ಹಿಡಿದು ಸಣ್ಣ ಅಕ್ಷರವನ್ನು ಗಟ್ಟಿಯಾಗಿ ಓದುತ್ತಾರೆ. ಹೆಂಡತಿ ಮುಖ ಮುಚ್ಚಿಕೊಂಡು ಅಳುತ್ತಾರೆ.

"ಅವಸರದಲ್ಲಿ ಕೈ ತೊಳೀದೆ ಕೊಳವೆ ಮುಟ್ಟಿದ್ದೆ," ಟೈಲರ್ ಒಪ್ಪಿಕೊಳ್ಳುತ್ತಾರೆ. ಸಿಸ್ಟರ್ ಬೈಯುವುದಿಲ್ಲ. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ತಾವೂ ಪಕ್ಕದಲ್ಲಿ ನಿಂತು, ಮೊದಲ ದಿನ ಕಲಿಸಿದ ಹಾಗೇ ಬೆರಳು ಬೆರಳಾಗಿ ಮತ್ತೆ ಕಲಿಸುತ್ತಾರೆ.

ಏನು ಬೇಕು ನಿಮಗೆ ಎಂದು ಸಿಸ್ಟರನ್ನು ಕೇಳಿದರೆ, ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿ ಯೋಚಿಸುತ್ತಾರೆ.

"ನನ್ನ ಜೊತೆ ಇನ್ನೊಬ್ಬರು ಬೇಕು. ನನಗೇ ಜ್ವರ ಬಂದು ಮಲಗಿದ ದಿನ ಈ ಹನ್ನೊಂದು ಜನರನ್ನ ಯಾರು ನೋಡ್ತಾರೆ? ಆರು ತಿಂಗಳು ನನ್ನ ಸ್ಕೂಟರ್ ಹಿಂದೆ ಕೂತು ಬರಲಿ ಸಾಕು. ನನಗಿಂತ ಚೆನ್ನಾಗಿ ನೋಡೋ ಹಾಗೆ ಕಲಿಸ್ತೀನಿ."