ಪರದೆಯಮ್ಮನ ಸೂಜಿ ನಿಂತ ಮಧ್ಯಾಹ್ನ

ನಮ್ಮಮ್ಮನನ್ನು ರಂಗಮಂದಿರದಲ್ಲಿ ಎಲ್ಲರೂ ಪರದೆಯಮ್ಮ ಎನ್ನುತ್ತಾರೆ. ವೇದಿಕೆಯ ಪರದೆ ಹೊಲಿಯುವುದು ಅವಳ ಕಸುಬು. ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡು ಬೈಸಿಕೊಳ್ಳುವುದು ನನ್ನದು. ಅಮ್ಮನ ಬಾಯಿ ಜೋರು, ಹೊಲಿಗೆ ನಯ. ಒಂದು ವಿಷಯಕ್ಕೆ ಮಾತ್ರ ಆ ಬಾಯಿಗೆ ಬೀಗ. ಅಪ್ಪನ ಮನೆಯವರು ನಮ್ಮಿಬ್ಬರನ್ನು ಹೊರಹಾಕಿದ ದಿನ ಏನಾಯಿತು ಎಂದು ಕೇಳಿದಾಗಲೆಲ್ಲ, "ಬಸ್ಸಲ್ಲಿ ಬಂದ್ವಿ, ಇನ್ಹೇಗೆ ಬರ್ತಾರೆ?" ಎಂದು ಹಾರಿಸಿಬಿಡುತ್ತಿದ್ದಳು. ನನ್ನ ತಲೆಯೂ ಈಗ ನರೆಯುತ್ತಿದೆ. ಅವಳು ಹೇಳದೆಯೇ ಹೋಗಿಬಿಟ್ಟರೆ ಎಂಬ ದಿಗಿಲು ನನಗೆ.

ಈ ಸಲ ಬಂದದ್ದು ಒಪೆರಾ, ಮಾತೆಲ್ಲ ಹಾಡಿನಲ್ಲೇ. ಯಹೂದಿ, ಕ್ರೈಸ್ತ, ಮುಸ್ಲಿಂ ಮೂರು ಧರ್ಮದವರೂ ನಮ್ಮದು ಎನ್ನುವ ಹಳೆಯ ಕಥೆ: ಮನೆಯಿಂದ ಹೊರದೂಡಿಸಿಕೊಂಡ ತಾಯಿ, ಜೊತೆಗೆ ಮಗು, ಸುತ್ತಲೂ ಮರಳುಗಾಡು, ಬರಿದಾದ ನೀರಿನ ಚೀಲ. ಮೂವರು ಗಾಯಕಿಯರು ಮೂರು ಭಾಷೆಗಳಲ್ಲಿ ಆ ಒಬ್ಬಳೇ ತಾಯಿಯಾಗುತ್ತಾರೆ. ಅವರ ಹಿಂದೆ, ಅಮ್ಮ ಹೊಲಿಯಬೇಕಾದ ಪರದೆಯ ಮೇಲೆ, ಬೆಳಕು ಬಿಟ್ಟು ಮೂಡಿಸಿದ ಮರಳುಗಾಡಿನ ಚಿತ್ರ ಓಡುತ್ತದೆ. ಅಮ್ಮ ಕಥೆ ಕೇಳುವ ಗೋಜಿಗೇ ಹೋಗಲಿಲ್ಲ. ಉದ್ದಗಲ ಕೇಳಿ ಕತ್ತರಿ ಹಾಕಿದಳು.

ಬಟ್ಟೆಯ ಒಳಬದಿ ಯಾವುದು, ಹೊರಬದಿ ಯಾವುದು ಎಂದು ಅವಳು ಗುರುತಿಸುವುದು ಕೆನ್ನೆಗೆ ಸವರಿಕೊಂಡು. ಆ ವಾರ ಹಲ್ಲುನೋವಿನಿಂದ ಕೆನ್ನೆ ಊದಿತ್ತು. ಅಂಗೈ ಸಾಕು ಎಂದು ಹಟ ಹಿಡಿದಳು. ಪ್ರದರ್ಶನದ ದಿನ ಬೆಳಿಗ್ಗೆ ಪರದೆಗೆ ಬೆಳಕು ಬಿಟ್ಟಾಗ ಬಂಡವಾಳ ಬಯಲಾಯಿತು: ನಡುವಿನ ಪಟ್ಟಿಯೊಂದು ಉಲ್ಟಾ ಕೂತು, ಮರಳುಗಾಡಿನ ಮಧ್ಯೆ ಮಂಕಾದ ಗೆರೆ. ಅಮ್ಮನ ಮುಖ ನೋಡಲಾಗಲಿಲ್ಲ. ಪರದೆ ಇಳಿಸಿ, ವೇದಿಕೆಯ ಮೂಲೆಯಲ್ಲೇ ಕೂತು ಬಿಚ್ಚಿ ಹೊಲಿಯತೊಡಗಿದೆವು.

ಮಧ್ಯಾಹ್ನ ಗಾಯಕಿಯರು ಅಭ್ಯಾಸಕ್ಕೆ ನಿಂತರು. ಪರದೆ ಇಲ್ಲದ್ದರಿಂದ ಮರಳುಗಾಡು ಗೋಡೆಯ ಮೇಲೆ, ನಮ್ಮ ಮಡಿಲ ಬಟ್ಟೆಯ ಮೇಲೆ, ಅಮ್ಮನ ಊದಿದ ಕೆನ್ನೆಯ ಮೇಲೂ ಹರಡಿಕೊಂಡಿತು. ನಾನು ಮೆಲ್ಲಗೆ ಕಥೆ ಹೇಳುತ್ತಾ ಹೋದೆ. ನೀರು ಮುಗಿದಾಗ ತಾಯಿ ಮಗುವನ್ನು ಪೊದೆಯ ಕೆಳಗೆ ಮಲಗಿಸಿ, ಅದು ಸಾಯುವುದನ್ನು ನೋಡಲಾರದೆ ದೂರ ಹೋಗಿ ಕೂತಳು ಎಂದೆ. ಅಷ್ಟರಲ್ಲಿ ಮೂರೂ ಕಂಠಗಳು ಒಟ್ಟಿಗೆ ಎದ್ದವು. ಒಂದು ಪದವೂ ತಿಳಿಯಲಿಲ್ಲ, ಎಲ್ಲವೂ ತಿಳಿಯಿತು. ಮನುಷ್ಯರ ಗಂಟಲಿನಿಂದ ಅಂಥದ್ದು ಹೊರಡುತ್ತದೆಂದು ನಾನು ಎಣಿಸಿರಲಿಲ್ಲ.

ಅಮ್ಮನ ಸೂಜಿ ನಿಂತಿತ್ತು.

"ಎಷ್ಟು ದೂರ ಕೂತ್ಳಂತೆ?" ಎಂದಳು.

ಬಾಣ ಬಿಟ್ಟರೆ ಹೋಗಿ ಬೀಳುವಷ್ಟು ದೂರವಂತೆ ಎಂದೆ.

"ನಾನು ಅಷ್ಟು ದೂರ ಹೋಗ್ಲಿಲ್ಲ. ಬಸ್ ಸ್ಟ್ಯಾಂಡಲ್ಲಿ ನಿನ್ನ ಬೆಂಚಿನ ಮೇಲೆ ಮಲಗ್ಸಿ ಕಂಬದ ಹಿಂದೆ ಕೂತಿದ್ದೆ. ಜ್ವರ ಸುಡ್ತಿತ್ತು ನಿಂಗೆ. ಯಾರಾದ್ರೂ ಎತ್ಕೊಂಡು ಹೋದ್ರೆ ನೀನಾದ್ರೂ ಉಳ್ಕೋತೀಯ ಅಂತ."

ಆಮೇಲೆ ಎಂದು ಕೇಳಿದೆನೋ ಇಲ್ಲವೋ ತಿಳಿಯದು.

"ನೀನು 'ಅಮ್ಮಾ, ನೀರು' ಅಂದೆ. ನಲ್ಲಿ ಎಲ್ಲಿತ್ತು ಅಂತ ಇವತ್ತಿಗೂ ನೆನಪಿಲ್ಲ. ಓಡಿದ್ದು ಮಾತ್ರ ನೆನಪಿದೆ."

ಅಷ್ಟರಲ್ಲಿ ಕಥೆಯ ತಾಯಿಗೂ ನೀರು ಸಿಕ್ಕಿತು; ಗೋಡೆಯ ಮೇಲೆ ಮರಳು ಒದ್ದೆಯಾಯಿತು. ಆ ಮೂರರಲ್ಲಿ ಇಬ್ಬರಿಗೆ ಅದು ದೇವದೂತ ತೋರಿಸಿದ ಬಾವಿ, ಇನ್ನೊಬ್ಬರಿಗೆ ಮಗುವಿನ ಹಿಮ್ಮಡಿಯ ಬಳಿ ಚಿಮ್ಮಿದ ಬುಗ್ಗೆ. ಬೆಳಕಿನ ನೀರು ಮಾತ್ರ ಒಂದೇ. ಅದು ಗೋಡೆ ಇಳಿದು, ನೆಲದ ಮೇಲೆ ಹರಿದು, ಅಮ್ಮನ ಕೈಗಳವರೆಗೆ ಬಂತು. ನೆನೆದುಹೋದೀತು ಎಂಬಂತೆ ಅವಳು ಬಟ್ಟೆಯನ್ನು ಮೇಲಕ್ಕೆತ್ತಿಕೊಂಡಳು. ಆಮೇಲೆ ನೋವನ್ನೂ ಲೆಕ್ಕಿಸದೆ ಕೆನ್ನೆಗೆ ಸವರಿ ನೋಡಿ, ತುದಿ ಸರಿಯಾಗಿ ಹಿಡಿ ಎಂದು ನನ್ನನ್ನು ಗದರಿದಳು.

ಸಂಜೆಗೆ ಪರದೆ ಏರಿತು, ಗೆರೆಯಿಲ್ಲದೆ. ಯಾವತ್ತೂ ಹಿಂದಿನ ಬಾಗಿಲಿನಿಂದಲೇ ಮನೆಗೆ ಹೊರಟುಬಿಡುತ್ತಿದ್ದ ಅಮ್ಮ ಅಂದು ಪ್ರೇಕ್ಷಕರ ನಡುವೆ ನನ್ನ ಪಕ್ಕ ಕೂತಳು. ಪೊದೆಯ ದೃಶ್ಯ ಬಂದಾಗ ನನ್ನ ಕೈ ಹಿಡಿದುಕೊಂಡಳು. ನೀರು ಬಂದ ಮೇಲೂ ಬಿಡಲಿಲ್ಲ.